ಹಳೆಯ ಹಾಡು, ಹೊಸ ಮೇಳ

ಹಳೆಯ ಹಾಡುಗಳನ್ನು ಹೊಸ ವಾದ್ಯಗಳೊಡನೆ ಹಾಡುವುದು ಸರಿಯೋ ತಪ್ಪೋ ಎಂಬ ಚರ್ಚೆ ನಮ್ಮ ಸಭೆಗಳಲ್ಲಿ ಆಗಾಗ ಏಳುವುದುಂಟು. ಪ್ರಶ್ನೆಯನ್ನು ಹೀಗೆ ಕೇಳಿದರೆ ಉತ್ತರ ದೊರೆಯಲಾರದು. ದಾಸರ ಪದಗಳ ಮೂಲ ಮಟ್ಟುಗಳು ಬಹುಮಟ್ಟಿಗೆ ನಮಗೆ ಉಳಿದುಬಂದಿಲ್ಲ. ಇಂದು ನಾವು ಹಳೆಯವೆಂದು ಕೇಳಿ ತಲೆದೂಗುವ ಧಾಟಿಗಳಲ್ಲಿ ಎಷ್ಟೋ ಈಚಿನ ಗಾಯಕರು ಕೂಡಿಸಿದವು. ಆದುದರಿಂದ ವಿಚಾರಿಸತಕ್ಕದ್ದು ವಾದ್ಯದ ವಯಸ್ಸನ್ನಲ್ಲ. ಹಾಡಿನ ರಚನೆಗೆ ಮೇಳವು ಏನು ಮಾಡುತ್ತದೆ ಎಂಬುದನ್ನು.

ಪುಣೆ–ಸೊಲ್ಲಾಪುರ ಹೆದ್ದಾರಿಯ ಮೇಲಿನ ಕುರಕುಂಭದಂತಹ ಕೈಗಾರಿಕೆಯ ಊರುಗಳಲ್ಲಿ ಈ ವಿಚಾರಕ್ಕೆ ಹೆಚ್ಚಿನ ಮಹತ್ವವಿದೆ. ಸಮೀಪದ ದೌಂಡದಿಂದ ಹೊರಡುವ ರೈಲುದಾರಿ ಸೊಲ್ಲಾಪುರವನ್ನು ಹಾಯ್ದು ಕಲಬುರಗಿಯ ಕಡೆಗೆ ಹೋಗುತ್ತದೆ. ದುಡಿಮೆಯನ್ನರಸಿ ಹೊರನಾಡಿಗೆ ಬಂದ ಮನೆಗಳ ಮಕ್ಕಳಲ್ಲಿ ಕನ್ನಡವನ್ನು ಆಡಬಲ್ಲವರುಂಟು, ಓದಬಲ್ಲವರು ಕಡಮೆ. ಅಂಥವರಿಗೆ ಹಾಡೇ ಗ್ರಂಥ. ನಾಲ್ಕಾರು ಮಂದಿ ತರುಣರು ಗಿಟಾರು, ಪಿಟೀಲು, ಖಂಜಿರಗಳನ್ನು ಹಿಡಿದು ಮೇಳವೊಂದನ್ನು ಕಟ್ಟಿದರೆ, ಅವರು ಹಾಡದೆ ಬಿಟ್ಟ ನುಡಿ ಆ ಮಕ್ಕಳ ಪಾಲಿಗೆ ಇಲ್ಲವೇ ಇಲ್ಲ.

ಶಿಶುನಾಳ ಷರೀಫರ (1819–1889) ತತ್ವಪದಗಳನ್ನೇ ನೋಡೋಣ. ಅವುಗಳನ್ನು ಸಿ. ಅಶ್ವಥ್ ಅವರು ಸುಗಮ ಸಂಗೀತದ ವೇದಿಕೆಗೆ ತಂದರು, 1990ರಲ್ಲಿ ಟಿ. ಎಸ್. ನಾಗಾಭರಣರ ಚಲನಚಿತ್ರ ಅವುಗಳನ್ನು ಮನೆಮನೆಗೆ ಮುಟ್ಟಿಸಿತು. 2008ರಲ್ಲಿ ಹೊರಬಂದ ರಘು ದೀಕ್ಷಿತರ ಮೊದಲ ಧ್ವನಿಮುದ್ರಿಕೆಯ ಮೂಲಕ ಷರೀಫರು ಗಿಟಾರಿನ ಜೊತೆಗೂ ನಡೆದರು. ಇವೆಲ್ಲ ಕೇಳುಗರ ವಲಯವನ್ನು ಹಿಗ್ಗಿಸಿದ ಕೆಲಸಗಳು. ಇವನ್ನು ಹಳಿಯುವುದು ನ್ಯಾಯವಲ್ಲ.

ಆದರೆ ತತ್ವಪದದ ಕಟ್ಟಡವನ್ನು ಗಮನಿಸಬೇಕು. ಪಲ್ಲವಿಯು ಸೋರುವ ಮನೆಯಂತಹ ದಿನಬಳಕೆಯ ಚಿತ್ರವೊಂದನ್ನು ಒಗಟಾಗಿ ಮುಂದಿಡುತ್ತದೆ. ನುಡಿಯಿಂದ ನುಡಿಗೆ ಆ ಮನೆ ದೇಹವಾಗುತ್ತದೆ, ಮನಸ್ಸಾಗುತ್ತದೆ. ಕೊನೆಯ ನುಡಿಯಲ್ಲಿ ಅಂಕಿತ ಬಂದು ಒಗಟಿನ ಗಂಟು ಬಿಚ್ಚುತ್ತದೆ. ಪ್ರತಿ ನುಡಿಯ ತರುವಾಯ ಮರಳುವ ಪಲ್ಲವಿಯ ಮಾತು ಅದೇ. ಅರ್ಥ ಮಾತ್ರ ಅದೇ ಅಲ್ಲ. ಹೊಸ ಮೇಳಗಳು ಸಭಿಕರನ್ನು ಜೊತೆಗೂಡಿಸುವ ಉತ್ಸಾಹದಲ್ಲಿ ಪಲ್ಲವಿಯನ್ನು ಹತ್ತು ಸಾರಿ ಹಾಡಿ ಎರಡು ನುಡಿಗಳನ್ನು ಕೈಬಿಟ್ಟರೆ ಒಗಟು ಮಾತ್ರ ಉಳಿದು ಉತ್ತರ ಅಳಿಯುತ್ತದೆ. ಅಂಕಿತ ಹೋದರಂತೂ ಕವಿಯೇ ಹೋದ ಹಾಗೆ.

ವಾದ್ಯದ ಮಾತೂ ಇಲ್ಲಿಗೆ ಬಂದು ಸೇರುತ್ತದೆ. ಏಕತಾರಿಯು ಒಂದೇ ಆಧಾರಶ್ರುತಿಯನ್ನು ಹಿಡಿದು ನಿಲ್ಲುತ್ತದೆ. ಅದರ ಮೇಲೆ ಚಲಿಸುವುದು ಮಾತು. ಗಿಟಾರಿನ ಸ್ವರಮೇಳಗಳಾದರೋ ಸಾಲಿಗೊಮ್ಮೆ ನೆಲವನ್ನೇ ಬದಲಿಸುತ್ತವೆ. ಕೇಳುಗನ ಕಿವಿ ಮಾತನ್ನು ಬಿಟ್ಟು ಆ ಬದಲಾವಣೆಯ ಬೆನ್ನು ಹತ್ತುತ್ತದೆ. ಅದೇ ಗಿಟಾರಿನಲ್ಲಿ ಷಡ್ಜ ಪಂಚಮಗಳನ್ನಷ್ಟೆ ಮೀಟುತ್ತ ಹೋದರೆ ಅದು ಏಕತಾರಿಯ ಕೆಲಸವನ್ನು ಸೊಗಸಾಗಿ ಮಾಡಬಲ್ಲುದು. ವಚನಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅವುಗಳಿಗೆ ನಿಯತ ಛಂದಸ್ಸಿಲ್ಲ, ಪಲ್ಲವಿಯೂ ಇಲ್ಲ; ತಾಳದ ಚೌಕಟ್ಟಿಗೆ ಎಳೆದು ಕೂರಿಸಿದರೆ ಮಾತಿನ ಸಹಜ ಏರಿಳಿತ ಮುರಿಯುತ್ತದೆ. ಹಾಡಲೆಂದೇ ಶರಣರು ರಚಿಸಿದ ಸ್ವರವಚನಗಳಿವೆ. ಮೇಳಗಳು ಅತ್ತ ಕಣ್ಣು ಹಾಯಿಸಿದರೆ ಒಳಿತು.

ಪುಣೆಯ ಕನ್ನಡಿಗರಿಗೆ ಮೇಲ್ಪಂಕ್ತಿಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಗದಗಿನ ಸೀಮೆಯಿಂದ ಬಂದು ಇಲ್ಲಿ ನೆಲೆಸಿ, 2011ರಲ್ಲಿ ಇಲ್ಲಿಯೇ ದೇಹವಿಟ್ಟ ಪಂಡಿತ ಭೀಮಸೇನ ಜೋಶಿಯವರು ದಾಸರ ಪದಗಳನ್ನೂ ಮರಾಠಿ ಅಭಂಗಗಳನ್ನೂ ಹಾಡಿದರು. ಪುರಂದರದಾಸರ ಅಂಕಿತದಲ್ಲಿರುವ ವಿಠಲನೇ ಅಭಂಗದ ವಿಠಲನೂ ಹೌದು. ಹೊರನಾಡಿನ ಮೇಳವೊಂದು ಈ ನೆಂಟಸ್ತಿಕೆಯನ್ನು ಅರಿತು ಹಾಡುಗಳನ್ನು ಆರಿಸಿದರೆ, ಭಾಷೆಯರಿಯದ ನೆರೆಯವರೂ ಸಭೆಯಲ್ಲಿ ಪರಕೀಯರಾಗಿ ಕೂರಬೇಕಾಗುವುದಿಲ್ಲ.

ನೂರು ಹಾಡುಗಳ ಸಂಗ್ರಹಕ್ಕಿಂತ ಹತ್ತು ಹಾಡುಗಳ ಸಾಂಗವಾದ ಪಾಠ ಮೇಲು. ಆ ಹತ್ತನ್ನು ಎಲ್ಲ ನುಡಿಗಳೊಡನೆ, ಅಂಕಿತದೊಡನೆ, ಉಚ್ಚಾರದ ಶುದ್ಧಿಯೊಡನೆ ಹಾಡಲಿ. ಕೈಯಲ್ಲಿರುವುದು ಗಿಟಾರೋ ಏಕತಾರಿಯೋ ಎಂಬುದನ್ನು ಆ ಬಳಿಕ ಕೇಳೋಣ.