ಒಳ್ಳೆಯವನೆಂದು ಹೇಳಲು ಬಂದವರು

ಆರೋಪ ಕೊಲೆಯದಿರಲಿ, ವಂಚನೆಯದಿರಲಿ, ಆಪಾದಿತನ ಪರವಾಗಿ ಊರಿನ ಗಣ್ಯರೊಬ್ಬರು ಕಟಕಟೆ ಹತ್ತಿ ‘ಇವರು ಬಹಳ ಒಳ್ಳೆಯವರು ಸ್ವಾಮಿ’ ಎನ್ನಲು ನಮ್ಮ ಕಾನೂನಿನಲ್ಲಿ ಅವಕಾಶವಿದೆ. 1872ರ ಸಾಕ್ಷ್ಯ ಕಾಯ್ದೆಯ 53ನೇ ಕಲಂ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 47ನೇ ಕಲಂ ಆಗಿದೆ. ನಂಬರು ಬದಲಾಯಿತು, ತೊಡಕು ಹಾಗೇ ಉಳಿಯಿತು.

ತೊಡಕು ಇದು: ಸಾಕ್ಷಿ ಹೇಳಬಹುದಾದದ್ದು ಆಪಾದಿತನಿಗೆ ಇರುವ ಸಾಮಾನ್ಯ ಹೆಸರು, ಸಾಮಾನ್ಯ ಸ್ವಭಾವ ಮಾತ್ರ. ನಿರ್ದಿಷ್ಟ ಸಂಗತಿ ಹೇಳುವಂತಿಲ್ಲ. ಸಹಕಾರ ಸಂಘದ ಗುಮಾಸ್ತನೊಬ್ಬನ ಮೇಲೆ ಹಣ ನುಂಗಿದ ಆರೋಪವಿದೆ ಎನ್ನಿ. ಲೆಕ್ಕ ತಪ್ಪಿ ಹೆಚ್ಚು ಕಟ್ಟಿಸಿಕೊಂಡ ಹಣವನ್ನು ಅವನು ಹಿಂದೊಮ್ಮೆ ರೈತನ ಮನೆ ಬಾಗಿಲಿಗೇ ಹೋಗಿ ವಾಪಸು ಕೊಟ್ಟಿದ್ದ. ಆ ರೈತ ಬಂದು ಅದನ್ನು ಹೇಳಹೊರಟರೆ ಸರ್ಕಾರಿ ವಕೀಲರು ಎದ್ದು ನಿಲ್ಲುತ್ತಾರೆ. ‘ಪ್ರಾಮಾಣಿಕ’ ಎಂಬ ಒಂದು ಪದವಷ್ಟೇ ದಾಖಲಾಗುತ್ತದೆ. ಆಮೇಲೆ ಪಾಟೀಸವಾಲು: ‘ಸಂಘದ ಲೆಕ್ಕದ ಪುಸ್ತಕ ನೋಡಿದ್ದೀರಾ?’ ‘ಇಲ್ಲ.’ ‘ಇಲ್ಲಿಗೆ ಕರೆತಂದವರು ಯಾರು?’ ‘ಅವರ ಅಣ್ಣ.’ ಅಲ್ಲಿಗೆ ಮುಗಿಯಿತು.

ಒಂದೊಂದು ಹಳೆಯ ಸಂಗತಿಗೂ ಬೇರೊಂದು ವಿಚಾರಣೆ ಹುಟ್ಟಿಕೊಂಡೀತು ಎಂಬ ಭಯದಿಂದ ಹಾಕಿದ ಕಟ್ಟು ಇದು, ಭಯ ಸುಳ್ಳಲ್ಲ. ಆದರೆ ಸಂಗತಿಗೆ ಬಾಗಿಲು ಮುಚ್ಚಿದ ಮೇಲೆ ಉಳಿಯುವುದು ಹೇಳುವವರ ಅಂತಸ್ತು. ಹಾಗಾಗಿ ಬಲ್ಲವರ ಬದಲು ದೊಡ್ಡವರು ಬರುತ್ತಾರೆ. ದೊಡ್ಡವರ ಪರಿಚಯವಿಲ್ಲದ ಕೂಲಿಯವನ ಪಾಡು ಬೇರೆ ಹೇಳಬೇಕಾಗಿಲ್ಲ.

ಹಬೀಬ್ ಮೊಹಮ್ಮದ್ ಪ್ರಕರಣದಲ್ಲಿ 1953ರಲ್ಲೇ ಸುಪ್ರೀಂ ಕೋರ್ಟ್ ಇಂಥ ನಡತೆಯ ಸಾಕ್ಷ್ಯವನ್ನು ದುರ್ಬಲವೆಂದಿತು. ಅಪರಾಧಕ್ಕೆ ನೇರ ಪುರಾವೆ ಇದ್ದರೆ ಇದು ನಿಲ್ಲದು, ಅನುಮಾನವಿದ್ದಾಗ ಆಪಾದಿತನ ಕಡೆಗೆ ತಕ್ಕಡಿ ವಾಲಿಸಬಹುದು ಎಂದಿತು. ಆದರೆ ಅನುಮಾನದ ಲಾಭ ಹೇಗೂ ಆಪಾದಿತನದೇ ಅಲ್ಲವೇ? ಹಾಗಾದರೆ ಈ ಸಾಕ್ಷಿಯ ಕೆಲಸವೇನು? ಅಪಾಯವಂತೂ ಇದೆ. ಒಳ್ಳೆಯ ನಡತೆಯ ಮಾತೆತ್ತಿದ ಕೂಡಲೇ ಕೆಟ್ಟ ನಡತೆಯ ಪುರಾವೆ ತರಲು ಎದುರು ಪಕ್ಷಕ್ಕೆ ಹಕ್ಕು ಬರುತ್ತದೆ, ಹಿಂದಿನ ಶಿಕ್ಷೆಯೂ ಸೇರಿ.

ಆಪಾದಿತ ತಾನೇ ಮಾತೆತ್ತುವವರೆಗೆ ಅವನ ಕೆಟ್ಟ ನಡತೆಯನ್ನು ಕೆದಕದಂತೆ ಕಾವಲು ಕೊಟ್ಟ ಅದೇ 1872ರ ಕಾಯ್ದೆ, ಅತ್ಯಾಚಾರದ ದೂರು ಕೊಟ್ಟ ಹೆಣ್ಣಿನ ‘ಶೀಲ’ವನ್ನು ಕೆದಕಲು 130 ವರ್ಷ ಬಿಟ್ಟಿತ್ತು. 155ನೇ ಕಲಮಿನ ಆ ಉಪಕಲಂ ಹೋದದ್ದು 2002ರ ತಿದ್ದುಪಡಿಯಲ್ಲಿ. 2013ರಲ್ಲಿ 53-ಎ ಬಂದು ಬೇಲಿ ಗಟ್ಟಿಯಾಯಿತು.

ನಡತೆಯ ಮಾತಿಗೆ ಸರಿಯಾದ ಜಾಗ ಶಿಕ್ಷೆಯ ಹಂತ ಎಂಬುದು ನನ್ನ ವಾದ. ತಪ್ಪು ಮಾಡಿದನೋ ಇಲ್ಲವೋ ಎಂಬುದು ಅಷ್ಟರಲ್ಲಿ ತೀರ್ಮಾನವಾಗಿರುತ್ತದೆ. ಎಂಥವನು ಎಂಬುದೇ ಆಗಿನ ಪ್ರಶ್ನೆ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ಅಪರಾಧಿಯ ನಡತೆಯನ್ನು ನೋಡಿ ಎಂದೇ ಹೇಳುತ್ತದೆ, ಪರಿವೀಕ್ಷಣಾಧಿಕಾರಿಯ ವರದಿಯಿದ್ದರೆ ಅದನ್ನೂ ಗಮನಿಸಿ ಎನ್ನುತ್ತದೆ. ಆದರೆ ಆ ಹೊತ್ತಿಗೆ ವಕೀಲರ ಬಾಯಲ್ಲಿ ಬರುವುದು ಎಲ್ಲ ಕೇಸಿಗೂ ಒಪ್ಪುವ ಎರಡು ಸಾಲು: ವಯಸ್ಸಾದ ತಾಯಿಯಿದ್ದಾರೆ, ದುಡಿಯುವವನು ಇವನೊಬ್ಬನೇ.