ಮುಂಬಾಗಿಲು ನೋಡಿ ಮನೆ ಓದಬಾರದು: ಅಕ್ಕಲಕೋಟೆಯ ರಾಜವಾಡೆ, ಸೋಲಾಪುರದ ಇಂದ್ರಭುವನ ಮತ್ತು ಇಂಗ್ಲಿಷ್ ಕಂಟ್ರಿ ಹೌಸ್

 

ನಮ್ಮ ಭಾಗದ ದೊಡ್ಡ ಮನೆಗಳ ಬಗ್ಗೆ ನಾವು ವಿದ್ಯಾರ್ಥಿಗಳು ಬರೆಯುವ ಪ್ರಬಂಧಗಳಲ್ಲಿ ಒಂದು ವಾಕ್ಯ ತಪ್ಪದೇ ಬರುತ್ತದೆ: ‘ಈ ಕಟ್ಟಡದ ಮೇಲೆ ಇಂಗ್ಲಿಷ್ ವಾಸ್ತುಶೈಲಿಯ ಪ್ರಭಾವ ಕಾಣುತ್ತದೆ.’ ನಾನೂ ಬರೆದಿದ್ದೇನೆ. ದುಂಡು ಕಂಬ ಕಂಡರೆ ಇಂಗ್ಲಿಷ್, ಗುಮ್ಮಟ ಕಂಡರೆ ಆದಿಲಶಾಹಿ, ಒಳಗೆ ಚೌಕ ಇದ್ದರೆ ಮರಾಠಾ ಅಂತ ಹಣೆಪಟ್ಟಿ ಹಚ್ಚಿ ಮುಂದಕ್ಕೆ ಹೋಗಿಬಿಡ್ತೀವಿ. ಈ ಓದು ಸಾಲದು, ಕೆಲವೊಮ್ಮೆ ದಾರಿಯನ್ನೇ ತಪ್ಪಿಸುತ್ತದೆ ಅನ್ನೋದು ನನ್ನ ವಾದ.

ಮೊದಲು ಇಂಗ್ಲೆಂಡಿನದೇ ಒಂದು ಮನೆ ನೋಡೋಣ. ಗ್ಲಾಸ್ಟರ್‌ಶೈರ್‌ನ ಸೆಜಿನ್‌ಕೋಟ್. ಈಸ್ಟ್ ಇಂಡಿಯಾ ಕಂಪನಿಯಲ್ಲಿ ದುಡ್ಡು ಮಾಡಿ ಮರಳಿದ ಚಾರ್ಲ್ಸ್ ಕಾಕರೆಲ್‌ಗಾಗಿ ಅವನ ಅಣ್ಣ, ವಾಸ್ತುಶಿಲ್ಪಿ ಸ್ಯಾಮ್ಯುಯೆಲ್ ಪೀಪ್ಸ್ ಕಾಕರೆಲ್, 1805ರ ಸುಮಾರಿಗೆ ಕಟ್ಟಿದ್ದು. ಭಾರತದ ಚಿತ್ರಗಳನ್ನು ಬರೆದ ಥಾಮಸ್ ಡೇನಿಯಲ್ ಸಲಹೆ ಕೊಟ್ಟ. ಹೊರಗೆ ತಾಮ್ರದ ಈರುಳ್ಳಿ ಗುಮ್ಮಟ, ಅಗಲವಾದ ಛಜ್ಜ, ನವಿಲಗರಿ ಬಿಚ್ಚಿದಂಥ ಕಮಾನು. ಒಳಗೆ ಹೋದರೆ ಅಪ್ಪಟ ಇಂಗ್ಲಿಷ್ ಮನೆ. ನಮ್ಮ ಹಣೆಪಟ್ಟಿ ಪದ್ಧತಿಯಲ್ಲಿ ಇದನ್ನ ‘ಮೊಘಲ್ ಪ್ರಭಾವದ ಮನೆ’ ಅಂತ ಬರೆದು ಮುಗಿಸಬಹುದು. ಆದರೆ ಅದು ಅಡಿಯಿಂದ ಮುಡಿಯವರೆಗೆ ಕಂಟ್ರಿ ಹೌಸೇ. ಯಾಕೆ?

ಯಾಕಂದ್ರೆ ಕಂಟ್ರಿ ಹೌಸ್ ಅನ್ನೋದು ಶೈಲಿ ಅಲ್ಲ, ಮನೆಗೂ ಭೂಮಿಗೂ ಇರುವ ಒಂದು ಸಂಬಂಧ. ಸುತ್ತಲಿನ ಹೊಲಗಳ ಗೇಣಿಯ ಮೇಲೆ ಮನೆ ನಿಂತಿರುತ್ತದೆ, ಆದರೆ ಕಿಟಕಿಯಿಂದ ನೋಡಿದರೆ ದುಡಿಯುವವರು ಕಾಣಬಾರದು, ಹುಲ್ಲುಗಾವಲು ಮತ್ತು ಕೆರೆ ಕಾಣಬೇಕು. ಇದಕ್ಕಾಗಿ ಊರುಗಳನ್ನೇ ಕಿತ್ತಿದ್ದಾರೆ. ಡಾರ್ಸೆಟ್‌ನಲ್ಲಿ ಜೋಸೆಫ್ ಡೇಮರ್ ಎಂಬ ಜಮೀನುದಾರ 1780ರ ಆಸುಪಾಸಿನಲ್ಲಿ ತನ್ನ ಮನೆಯ ಪಕ್ಕದ ಪೇಟೆಯನ್ನು ಕೆಡವಿಸಿ, ಜನರನ್ನ ಕಣ್ಣಿಗೆ ಬೀಳದ ಕಣಿವೆಯಲ್ಲಿ ಹೊಸ ಹಳ್ಳಿ ಕಟ್ಟಿಸಿ ಅಲ್ಲಿಗೆ ಕಳಿಸಿದ. ಆ ಹಳ್ಳಿ ಮಿಲ್ಟನ್ ಅಬ್ಬಾಸ್. ಹುಲ್ಲಿನ ಮಾವಿನ ಮನೆಗಳು ಸಾಲಾಗಿ ನಿಂತಿವೆ, ಪ್ರವಾಸಿಗರು ‘ಎಷ್ಟು ಚೆಂದ’ ಅಂತ ಫೋಟೋ ತೆಗೀತಾರೆ.

ಈಗ ನಮ್ಮ ಅಕ್ಕಲಕೋಟೆಗೆ ಬರೋಣ. ಛತ್ರಪತಿ ಶಾಹೂ ಸಾಕಿ ಬೆಳೆಸಿದ ಫತೇಸಿಂಹ ಭೋಸಲೆಯಿಂದ ಶುರುವಾದ ಸಂಸ್ಥಾನ ಇದು. ಬ್ರಿಟಿಷರ ಗೆಜೆಟಿಯರ್ ಪ್ರಕಾರ ವಿಸ್ತೀರ್ಣ 498 ಚದರ ಮೈಲಿ, 1901ರಲ್ಲಿ ಜನಸಂಖ್ಯೆ 82,047. ದರಬಾರಿನ ಭಾಷೆ ಮರಾಠಿ, ಕಂದಾಯ ಕೊಡುವ ಹೊಲದ ಭಾಷೆ ಹೆಚ್ಚಾಗಿ ಕನ್ನಡ. ಹಳೆ ರಾಜವಾಡೆ, ಹೊಸ ರಾಜವಾಡೆ ಎರಡನ್ನೂ ನಾವು ನೋಡಿದ್ದೇವೆ, ಶಸ್ತ್ರಾಗಾರದ ಕತ್ತಿ ಬಂದೂಕುಗಳನ್ನೂ ನೋಡಿದ್ದೇವೆ. ಈ ವಾಡೆಗಳ ಬಗ್ಗೆ ಬರೆದದ್ದೆಲ್ಲ ಬಹುತೇಕ ವಂಶಾವಳಿ: ಯಾರಾದ ಮೇಲೆ ಯಾರು, ಯಾರು ಏನು ಕಟ್ಟಿಸಿದರು. ನನಗೆ ಇದಕ್ಕಿಂತ ಮುಖ್ಯ ಅನ್ನಿಸೋದು 1829. ಆಗ ಪಟ್ಟದ ಮೇಲಿದ್ದ ಶಹಾಜಿ ಇನ್ನೂ ಹುಡುಗ, ಉಸ್ತುವಾರಿ ಸಾತಾರೆಯ ರಾಜರದು. ಅವರು ತಂದ ಬದಲಾವಣೆಗಳಿಂದ ಸಿಟ್ಟಿಗೆದ್ದು ಬೋರಗಾವದ ಸರದೇಶಮುಖ ಶಂಕರರಾವ್ ಮುಂದಾಳುತನದಲ್ಲಿ ದಂಗೆ ಆಯಿತು. ಸೋಲಾಪುರದಿಂದ ಪಡೆ ಬರಬೇಕಾಯಿತು, ಆಮೇಲೆ ಆಡಳಿತವೇ ಬ್ರಿಟಿಷ್ ಅಧಿಕಾರಿಯ ಕೈಗೆ ಹೋಯಿತು. ಅಂದ್ರೆ ವಾಡೆಯ ಬುನಾದಿ ಕಲ್ಲಿನದಲ್ಲ, ವತನದ್ದು. ವತನ ಅಲುಗಿದರೆ ವಾಡೆ ಅಲುಗುತ್ತದೆ.

ಈ ದೃಷ್ಟಿಯಿಂದ ನೋಡಿದರೆ ನಮ್ಮ ಸುತ್ತಮುತ್ತ ಕಂಟ್ರಿ ಹೌಸ್‌ಗೆ ಹತ್ತಿರದ್ದು ರಾಜವಾಡೆಯೇ. ಒಂದು ದೊಡ್ಡ ವ್ಯತ್ಯಾಸ ಮಾತ್ರ ಇದೆ. ವಾಡೆ ಊರನ್ನ ದೂರ ಸರಿಸಲಿಲ್ಲ, ಊರ ನಡುವೆಯೇ ನಿಂತಿತು. ವಾಡೆ ಅಂದ ಮೇಲೆ ಅದು ಮನೆಯಷ್ಟೇ ಅಲ್ಲ, ಕಚೇರಿಯೂ ಹೌದು. ರೈತ ಬಾಗಿಲಿಗೆ ಬರಲೇಬೇಕು, ಬಗ್ಗಿಯೇ ಬರಬೇಕು. ಇಂಗ್ಲಿಷ್ ಮನೆ ದುಡಿಯುವವನನ್ನ ಮರೆಮಾಡುತ್ತದೆ, ವಾಡೆ ಅವನನ್ನ ಎದುರಿಗೆ ನಿಲ್ಲಿಸಿಕೊಳ್ಳುತ್ತದೆ. ಯಾವುದು ಮೇಲು ಅಂತ ಕೇಳಬೇಡ್ರಿ, ನನಗೆ ಎರಡೂ ಅಷ್ಟಕ್ಕಷ್ಟೆ. 1948ರಲ್ಲಿ ಸಂಸ್ಥಾನ ವಿಲೀನ ಆದ ಮೇಲೆ ಕಟ್ಟಡ ಉಳಿಯಿತು, ಅದಕ್ಕೆ ಅನ್ನ ಹಾಕುತ್ತಿದ್ದ ಹಕ್ಕು ಹೋಯಿತು.

ಸೋಲಾಪುರದ ಇಂದ್ರಭುವನ ಇದಕ್ಕೆ ಉಲ್ಟಾ. ಅಪ್ಪಾಸಾಹೇಬ ವಾರದರು ಕಟ್ಟಿಸಿದ್ದು. ಹೊರಗಿನ ಕಮಾನು, ಬಾಲ್ಕನಿ, ಕೆತ್ತನೆ ನೋಡಿ ‘ವಿಲಾಯತಿ ಬಂಗಲೆ’ ಅಂತ ಎಲ್ಲರೂ ಅಂತಾರೆ. ಆದರೆ ಅದರ ಹಿಂದಿರುವುದು ಹಳ್ಳಿಯ ಗೇಣಿ ಅಲ್ಲ, ರೈಲು ಬಂದ ಮೇಲೆ ಬೆಳೆದ ವ್ಯಾಪಾರ ಮತ್ತು ಗಿರಣಿಗಳ ಸೋಲಾಪುರ. ನೋಟಕ್ಕೆ ಅತಿ ವಿಲಾಯತಿಯಾದ ಈ ಮನೆ ಅರ್ಥದಲ್ಲಿ ಕಂಟ್ರಿ ಹೌಸ್‌ನಿಂದ ಅತಿ ದೂರ. ಅದಕ್ಕೇ ಇರಬೇಕು, ಅದು ಮಹಾನಗರಪಾಲಿಕೆಯಾಗಿ ಸಲೀಸಾಗಿ ಬದಲಾಯಿತು. ಮನೆಪಟ್ಟಿ ತುಂಬಲಿಕ್ಕೆ ಸಾಲಿನಲ್ಲಿ ನಿಂತವರು ಯಾರೂ ಕೆತ್ತನೆ ನೋಡಲ್ಲ, ಆ ಮಾತು ಬೇರೆ.

ಇಂಗ್ಲೆಂಡಿನಲ್ಲೂ ‘ದುಡ್ಡು ಎಲ್ಲಿಂದ ಬಂತು’ ಅನ್ನೋ ಪ್ರಶ್ನೆ ಸುಲಭವಾಗಿ ಬರಲಿಲ್ಲ. 2020ರಲ್ಲಿ ನ್ಯಾಷನಲ್ ಟ್ರಸ್ಟ್ ತನ್ನ 93 ಆಸ್ತಿಗಳಿಗೆ ಗುಲಾಮಗಿರಿ ಮತ್ತು ವಸಾಹತುಶಾಹಿಯ ನಂಟಿದೆ ಅಂತ ವರದಿ ಮಾಡಿದಾಗ ದೊಡ್ಡ ಗದ್ದಲ ಆಯಿತು. ಅದೇ ಟ್ರಸ್ಟ್ ನೋಡಿಕೊಳ್ಳುವ ವೇಲ್ಸ್‌ನ ಪೊವಿಸ್ ಕೋಟೆಯಲ್ಲಿ ನಮ್ಮ ಟಿಪ್ಪುವಿನ ಡೇರೆ ಇದೆ, ಸಿಂಹಾಸನದ ಹುಲಿ ತಲೆ ಇದೆ. ಅಲ್ಲಿಯವರನ್ನ ಈ ಪ್ರಶ್ನೆ ಕೇಳಲು ನಮಗೆ ಉತ್ಸಾಹ ಬಹಳ. ನಮ್ಮ ವಾಡೆಗೆ ಅದೇ ಪ್ರಶ್ನೆ ಕೇಳಿದರೆ ‘ಸಂಸ್ಥಾನದ ಅಭಿಮಾನ’ ಅಡ್ಡ ಬರುತ್ತದೆ.

ಚರ್ಚೆಯಲ್ಲಿ ಒಬ್ಬ ಮೇಡಂ ಕೇಳಿದರು: ಹಾಗಾದ್ರೆ ಶೈಲಿ ನೋಡೋದೇ ಬೇಡವಾ? ನೋಡಬೇಕು ಮೇಡಂ. ಮನೆ ಕಟ್ಟಿಸಿದವರು ಯಾರ ಕಣ್ಣಿಗೆ ದೊಡ್ಡವರಾಗಿ ಕಾಣಬೇಕು ಅಂದ್ಕೊಂಡಿದ್ರು ಅನ್ನೋದನ್ನ ಶೈಲಿ ಹೇಳುತ್ತದೆ. ಕಾಕರೆಲ್‌ನ ಗುಮ್ಮಟ ನೋಡಲು 1807ರಲ್ಲಿ ಯುವರಾಜನೇ ಬಂದಿದ್ದ. ಆ ಗುಮ್ಮಟಕ್ಕೆ ಹಣ ಹುಟ್ಟಿದ್ದು ಬಂಗಾಳದಲ್ಲಿ, ಅಲ್ಲಿಂದ ಅದನ್ನ ನೋಡಲು ಯಾರೂ ಬರುವಂತಿರಲಿಲ್ಲ. ಬೋರಗಾವದವರು ಮಾತ್ರ ರಾಜವಾಡೆಯನ್ನ ದಿನಾ ನೋಡಬಹುದಿತ್ತು.