ಗಾಳಿಗೆ ದಾರಿ ಮೊದಲು
ಆಂಡರ್ಸನ್‌ಪೇಟೆಯ ನಮ್ಮ ಮನೆ ಅಂದ್ರೆ ಒಂದು ರೂಮು, ಒಂದು ಅಡುಗೆಮನೆ. ರೂಮಲ್ಲಿ ನನ್ನ ಕಂಪ್ಯೂಟರು, ಪಕ್ಕದಲ್ಲೇ ತಾತನ ಮಂಚ. ಗಣಿಯಲ್ಲಿ ದುಡಿದ ತಾತನಿಗೆ ರಾತ್ರಿ ಉಸಿರು ಕಟ್ಟುತ್ತೆ. ಆ ಕೆಮ್ಮು ಅಡುಗೆಮನೆಯಲ್ಲಿ ಮಲಗೋ ಅಮ್ಮನಿಗೆ ಕೇಳಿಸಬೇಕು. ಹಾಗಾಗಿ ಕ್ಯಾಬಿನೆಟ್ ಫ್ಯಾನಿನ ಸದ್ದು ನಮಗೆ ಶೋಕಿಯ ವಿಷಯ ಅಲ್ಲ.

ಅಂಗಡಿಯವರು ಕೊಟ್ಟಿದ್ದು ಮುಂದೆ ಪೂರ್ತಿ ಗಾಜು, ಒಳಗೆ ಬಣ್ಣದ ದೀಪದ ಮೂರು ಫ್ಯಾನು. ನೋಡೋಕೆ ಜಾತ್ರೆ! ಆದ್ರೆ ಗಾಳಿ ಒಳಗೆ ಬರೋಕೆ ದಾರಿನೇ ಇಲ್ಲ. ಫ್ಯಾನು ಕಿರುಚುತ್ತೆ, ಬಿಸಿ ಇಳಿಯಲ್ಲ. ಮೂಗು ಮುಚ್ಚಿಕೊಂಡು ಓಡು ಅಂದ ಹಾಗೆ.

ಡಬ್ಬದ ಮೇಲಿನ ಡೆಸಿಬೆಲ್ ನೋಡಿ ಮರುಳಾಗಬೇಡಿ. ಗಾಜು, ಜಾಲರಿ ಅಡ್ಡ ಬಂದಾಗ ಸದ್ದು ಬೇರೆಯೇ. ನೋಡಬೇಕಾದ ಲೆಕ್ಕ ಇದು: ನಿಮಿಷಕ್ಕೆ 1500 ಸುತ್ತನ್ನು 1200ಕ್ಕೆ ಇಳಿಸಿದ್ರೆ ಗಾಳಿ ಐದರಲ್ಲಿ ಒಂದು ಪಾಲು ಕಮ್ಮಿ, ಸದ್ದು ಸುಮಾರು 5 ಡೆಸಿಬೆಲ್ ಕಮ್ಮಿ. ಅಂಥದ್ದೇ ಇನ್ನೊಂದು ಫ್ಯಾನು ಸೇರಿಸಿದ್ರೆ ಏರೋದು 3 ಮಾತ್ರ. ಅಂದ್ರೆ ಓಡೋ ಒಂದಕ್ಕಿಂತ ನಡೆಯೋ ಎರಡು ವಾಸಿ. ಜಾಗ ಇದ್ರೆ 120 ಮಿಲಿಮೀಟರಿನ ಬದಲು 140ರದ್ದು ಹಾಕಿ. ವೇಗ ಹಿಡಿತದಲ್ಲಿರೋಕೆ ನಾಲ್ಕು ಪಿನ್ನಿನದೇ ಇರಲಿ. ಬೇಸಿಗೆಯಲ್ಲಿ ರೂಮೇ ಕಾದಿದ್ರೆ ಮಾತ್ರ ಯಾವ ಫ್ಯಾನೂ ಅದಕ್ಕಿಂತ ತಂಪು ಮಾಡಲ್ಲ.

ನಾಕ್ಟುವಾ ಬೆಲೆ ಕೇಳಿ ಕೈಬಿಟ್ಟೆ. ಜಾಲರಿ ಮುಖದ ಕ್ಯಾಬಿನೆಟ್ಟಿಗೆ ಆರ್ಕ್ಟಿಕ್ ಪಿ14 ಎರಡು ಹಾಕಿದೆ, ಒಂದು ಮುಂದೆ, ಒಂದು ಹಿಂದೆ. ತಾತ ನೋಡಿ, "ಗಾಳಿ ಬರೋಕೊಂದು ಬಾವಿ, ಹೋಗೋಕೊಂದು ಬಾವಿ. ಗಣಿಯಲ್ಲೂ ಇಷ್ಟೇ ಕಣೋ" ಅಂದ್ರು. 2001ರಲ್ಲಿ ಮುಚ್ಚಿದ, ಮೂರು ಕಿಲೋಮೀಟರಿಗೂ ಆಳದ ಗಣಿಯ ಪಾಠ ಇದು.

ನಿನ್ನೆ ರಾತ್ರಿ ತಾತ ಕೆಮ್ಮಿದ್ರು. ಅಮ್ಮ ಎದ್ದು ಬಂದ್ಲು.